ದಾಸೋಹದ ಅಳತೆ: ಲಕ್ಕಮ್ಮನ ಅಂಗಳದಿಂದ ಸಿದ್ಧಗಂಗೆಯ ಪಂಕ್ತಿಯವರೆಗೆ

ಮಠಗಳಲ್ಲಿ ಜಾತ್ರೆ, ಪುಣ್ಯಸ್ಮರಣೆ, ಶ್ರಾವಣ ಮಾಸದ ಪ್ರವಚನಗಳು ನಡೆಯುವ ದಿನಗಳಲ್ಲಿ ದಾಸೋಹ ಮನೆಯ ಬಾಗಿಲು ಬೆಳಗಿನ ಜಾವದಲ್ಲೇ ತೆರೆಯುತ್ತದೆ. ಸುತ್ತಲ ಊರುಗಳ ಭಕ್ತರು ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ತಾಯಂದಿರು ಮೊರ ಹಿಡಿದು ಅಕ್ಕಿ ಆರಿಸಲು ಕೂರುತ್ತಾರೆ. ಕೆಲವರು ತರಕಾರಿ ಹೆಚ್ಚುತ್ತಾರೆ. ಗಟ್ಟಿಮುಟ್ಟಾದ ಯುವಕರು ಕೊಪ್ಪರಿಗೆಯನ್ನು ಒಲೆಗೇರಿಸುತ್ತಾರೆ. ಮಧ್ಯಾಹ್ನ ಪಂಕ್ತಿ ಕುಳಿತಾಗ ಅವರೇ ಸೌಟು ಹಿಡಿದು ಬಡಿಸುತ್ತಾರೆ, ಕೊನೆಗೆ ಎಲೆ ತೆಗೆದು ನೆಲ ತೊಳೆಯುತ್ತಾರೆ. ಇವರಿಗೆ ಕೂಲಿಯಿಲ್ಲ, ಕರೆಯೋಲೆಯೂ ಇಲ್ಲ. ಈ ಕೆಲಸಕ್ಕೆ ಇಂದಿನ ಕಾಲ ಇಟ್ಟಿರುವ ಹೆಸರು ಸ್ವಯಂಸೇವೆ. ಬಸವಾದಿ ಶರಣರು ಇಟ್ಟ ಹೆಸರು ದಾಸೋಹ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಎನಿಸುತ್ತದೆ. ಆದರೆ ಎಂಟುನೂರೈವತ್ತು ವರ್ಷಗಳ ದಾಸೋಹದ ಇತಿಹಾಸವನ್ನು ತೆರೆದು ನೋಡಿದಾಗ, ಇವೆರಡರ ನಡುವೆ ಶರಣರು ಎಷ್ಟು ಎಚ್ಚರದಿಂದ ಒಂದು ಗೆರೆ ಎಳೆದಿದ್ದರೆಂಬುದು ಕಾಣುತ್ತದೆ. ಆ ಗೆರೆಯನ್ನು ಎಳೆದವರಲ್ಲಿ ಮುಖ್ಯರಾದವರು ಮಂತ್ರಿಗಳಲ್ಲ, ಪಂಡಿತರೂ ಅಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯಿಂದ ಒಲೆ ಉರಿಸುತ್ತಿದ್ದ ಒಬ್ಬ ತಾಯಿ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರ

ಅನ್ನದಾನವು ಭಾರತದಲ್ಲಿ ಶರಣರಿಗಿಂತ ಬಹಳ ಹಿಂದಿನಿಂದಲೂ ಇತ್ತು. ಅರಸರು ಛತ್ರಗಳನ್ನು ಕಟ್ಟಿಸಿದರು, ಅಗ್ರಹಾರಗಳಿಗೆ ಭೂಮಿಯನ್ನು ದತ್ತಿ ಬಿಟ್ಟರು, ಅದನ್ನು ಶಿಲಾಶಾಸನಗಳಲ್ಲಿ ಬರೆಸಿದರು. ದಾನದಲ್ಲಿ ಕೊಡುವವನ ಹೆಸರು ಉಳಿಯಬೇಕು. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ದಾನಿಗೆ ಪುಣ್ಯ ಬರುತ್ತದೆ, ಪಡೆದವನಿಗೆ ಋಣ ಉಳಿಯುತ್ತದೆ. ಯಾರಿಗೆ ಕೊಡಬೇಕು, ಯಾರ ಜೊತೆ ಕೂಡಿಸಿ ಉಣ್ಣಿಸಬೇಕು ಎಂಬಲ್ಲಿಯೂ ಜಾತಿ ಕುಲಗಳ ಕಟ್ಟಳೆಗಳಿದ್ದವು.

ಶರಣರು ಈ ಕ್ರಮವನ್ನು ತಿರುಗಿಸಿದರು. ದಾಸೋಹಂ ಎಂದರೆ ನಾನು ದಾಸನಾಗಿದ್ದೇನೆ ಎಂದರ್ಥ. ಸೋಹಂ, ಅಂದರೆ ಅವನೇ ನಾನು ಎಂಬ ಭಾವದಲ್ಲಿ ಸೂಕ್ಷ್ಮವಾದ ಅಹಂಕಾರ ಅಡಗಿರಲು ಸಾಧ್ಯವೆಂದು ಕಂಡ ಶರಣರು, ಅದರ ಬದಲಾಗಿ ದಾಸೋಹಂ ಭಾವವನ್ನು ಹಿಡಿದರು. ಕೊಡುವವನು ಇಲ್ಲಿ ಒಡೆಯನಲ್ಲ, ಆಳು. ಉಣ್ಣುವವನು ಭಿಕ್ಷುಕನಲ್ಲ, ಜಂಗಮಸ್ವರೂಪಿ. ಬಡಿಸಿದ್ದು ಕೇವಲ ಆಹಾರವಲ್ಲ, ಪ್ರಸಾದ. ಕಲ್ಲಿನ ಮೂರ್ತಿಯ ಮುಂದೆ ಭಕ್ತಿಯಿಂದ ಎಡೆಯಿಟ್ಟು, ಹಸಿದು ಬಂದ ಜೀವವನ್ನು ಬಾಗಿಲಿನಿಂದಲೇ ಅಟ್ಟುವವರ ವಿಪರೀತ ನಡೆಯನ್ನು ಬಸವಣ್ಣನವರು ತಮ್ಮ ವಚನಗಳಲ್ಲಿ ಕಟುವಾಗಿ ತೋರಿಸಿದ್ದಾರೆ. ಆಹಾರ ಕಂಡೊಡನೆ ತನ್ನವರನ್ನು ಕೂಗಿ ಕರೆಯುವ ಕಾಗೆ ಕೋಳಿಗಳನ್ನು ದೃಷ್ಟಾಂತವಾಗಿ ತಂದು, ಹಂಚಿ ಉಣ್ಣದ ಭಕ್ತನು ಆ ಹಕ್ಕಿಗಳಿಗಿಂತಲೂ ಕಡೆಯೆಂದು ಎಚ್ಚರಿಸಿದ್ದಾರೆ.

ದಾಸೋಹಕ್ಕೆ ಇನ್ನೊಂದು ಕಟ್ಟಳೆ ಇದೆ. ಅದು ಕಾಯಕದಿಂದಲೇ ಹುಟ್ಟಬೇಕು. ಕದ್ದದ್ದು, ಕಾಡಿ ಬೇಡಿ ತಂದದ್ದು, ಲಂಚದಿಂದ ಗಳಿಸಿದ್ದು ಎಷ್ಟೇ ರಾಶಿಯಾಗಿದ್ದರೂ ಲಿಂಗಕ್ಕೆ ಸಲ್ಲುವುದಿಲ್ಲ. ಬೆವರಿಲ್ಲದ ಅನ್ನ ಪ್ರಸಾದವಾಗುವುದಿಲ್ಲ. ಕಾಯಕವು ದಾಸೋಹದ ಬೇರು, ದಾಸೋಹವು ಕಾಯಕದ ಫಲ.

ಮಹಾಮನೆಯ ಒಲೆ

12ನೆಯ ಶತಮಾನದ ಕಲ್ಯಾಣ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ, ಬಿಜ್ಜಳನ ರಾಜಧಾನಿಯಾಗಿತ್ತು. ಬಸವಣ್ಣನವರು ಅಲ್ಲಿ ಭಂಡಾರಿಯಾಗಿದ್ದರು. ಅವರ ಮಹಾಮನೆಯಲ್ಲಿ ನಿತ್ಯವೂ ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆಯುತ್ತಿತ್ತೆಂದು ಪರಂಪರೆ ಹೇಳುತ್ತದೆ. ಈ ಸಂಖ್ಯೆಯನ್ನು ಲೆಕ್ಕದ ಪುಸ್ತಕದಂತೆ ಓದಬೇಕಾಗಿಲ್ಲ. ಬಾಗಿಲಿಗೆ ಬಂದವರನ್ನು ಎಣಿಸದೆ ಒಳಗೆ ಕರೆದ ಮನೆಯೊಂದು ಜನಮನದಲ್ಲಿ ಉಳಿದ ಬಗೆ ಅದು. ಆ ಮನೆಯ ಭಾರವನ್ನು ಬಸವಣ್ಣನವರೊಬ್ಬರೇ ಹೊತ್ತಿರಲಿಲ್ಲ. ಗಂಗಾಂಬಿಕೆ, ನೀಲಾಂಬಿಕೆ, ಅಕ್ಕ ನಾಗಮ್ಮನವರು ದಾಸೋಹದ ಹೊಣೆಯನ್ನು ಹಂಚಿಕೊಂಡಿದ್ದರು. ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ, ನೂಲು ತೆಗೆಯುವ ಕದಿರ ರೆಮ್ಮವ್ವೆಯಂತಹ ಶರಣೆಯರ ಹೆಸರಿನೊಂದಿಗೇ ಅವರ ಕಾಯಕ ಅಂಟಿಕೊಂಡಿರುವುದನ್ನು ಗಮನಿಸಬೇಕು. ಅನ್ನಕ್ಕೆ ಮೊದಲು ಒನಕೆ ಇದೆ, ಒನಕೆಯ ಹಿಂದೆ ಒಂದು ಕೈ ಇದೆ ಎಂಬುದನ್ನು ಶರಣರು ಮರೆಯಲಿಲ್ಲ.

ಅಷ್ಟು ದೊಡ್ಡ ದಾಸೋಹ ನಡೆದಾಗ ಸಂಶಯಗಳೂ ಹುಟ್ಟಿದವು. ಭಂಡಾರಿಯು ಅರಸನ ಬೊಕ್ಕಸದ ಹಣವನ್ನು ಜಂಗಮರಿಗೆ ಉಣಿಸಿ ಮುಗಿಸುತ್ತಿದ್ದಾನೆ ಎಂಬ ದೂರು ಬಿಜ್ಜಳನ ಕಿವಿಗೆ ಬಿತ್ತು. ಬಸವಣ್ಣನವರು ಕೋಪಿಸಿಕೊಳ್ಳಲಿಲ್ಲ; ಲೆಕ್ಕವನ್ನು ತೆರೆದಿಟ್ಟರು. ಭಂಡಾರದಲ್ಲಿ ಏನೂ ಕಡಿಮೆಯಾಗಿರಲಿಲ್ಲವೆಂದು ಶಿವಶರಣರ ಚರಿತೆಗಳು ಸಾರುತ್ತವೆ. ಹರಿಹರನ ರಗಳೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣ, ಅದನ್ನು ಅನುಸರಿಸಿ ಭೀಮಕವಿಯು 1369ರಲ್ಲಿ ರಚಿಸಿದ ಕನ್ನಡ ಬಸವಪುರಾಣ ಇವೆಲ್ಲ ಬಸವಣ್ಣನವರ ಜಂಗಮಭಕ್ತಿಯನ್ನು ಬಣ್ಣಿಸುವ ಕೃತಿಗಳು. ಈ ಪ್ರಸಂಗದ ಪವಾಡದ ಅಂಶವನ್ನು ಪಕ್ಕಕ್ಕಿಟ್ಟರೂ ಒಂದು ಮಾತು ನಿಲ್ಲುತ್ತದೆ: ದಾಸೋಹ ಮಾಡುವವನು ಲೆಕ್ಕ ಕೇಳಿದವರಿಗೆ ಲೆಕ್ಕ ತೋರಿಸಲು ಸಿದ್ಧನಿರಬೇಕು. ಪುಣ್ಯದ ಕೆಲಸವೆಂಬುದು ಪ್ರಶ್ನೆಗೆ ಅಡ್ಡಗೋಡೆಯಾಗಬಾರದು.

ಹಿಂದಿರುಗಿದ ಅಕ್ಕಿ

ಮಹಾಮನೆಯ ಅಂಗಳದಲ್ಲಿ ಧಾನ್ಯದ ಚೀಲಗಳು ಇಳಿಯುವಾಗ, ಅಳೆಯುವಾಗ, ಕೇರುವಾಗ ಅಕ್ಕಿಯ ಕಾಳುಗಳು ನೆಲಕ್ಕೆ ಚೆಲ್ಲುತ್ತಿದ್ದವು. ಅವುಗಳನ್ನು ಆಯ್ದು ತರುವುದೇ ಒಬ್ಬ ಶರಣರ ಕಾಯಕವಾಗಿತ್ತು. ಅವರೇ ಆಯ್ದಕ್ಕಿ ಮಾರಯ್ಯನವರು. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಪತ್ನಿ ಲಕ್ಕಮ್ಮನೊಂದಿಗೆ ಕಲ್ಯಾಣಕ್ಕೆ ಬಂದವರು. ಆಯ್ದು ತಂದ ಅಕ್ಕಿಯಿಂದ ಲಕ್ಕಮ್ಮ ಅಡುಗೆ ಮಾಡುತ್ತಿದ್ದಳು. ಅದನ್ನು ಜಂಗಮರಿಗೆ ನೀಡಿ, ಉಳಿದ ಪ್ರಸಾದವನ್ನು ಇಬ್ಬರೂ ಸ್ವೀಕರಿಸುತ್ತಿದ್ದರು. ಕಲ್ಯಾಣದ ಅತ್ಯಂತ ದೊಡ್ಡ ದಾಸೋಹದ ನೆಲದ ಮೇಲೆ ಬಿದ್ದ ಕಾಳುಗಳಿಂದಲೇ ಅತ್ಯಂತ ಚಿಕ್ಕ ದಾಸೋಹವೊಂದು ನಡೆಯುತ್ತಿತ್ತು.

ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳ ಪ್ರಸಂಗ ವಿಸ್ತಾರವಾಗಿ ಬರುತ್ತದೆ. ಮಾರಯ್ಯ ಅನುಭಾವದ ಮಾತಿನಲ್ಲಿ ಮೈಮರೆತಿದ್ದಾಗ, ಕಾಯಕದ ಹೊತ್ತು ಮೀರುತ್ತಿದೆಯೆಂದು ನೆನಪಿಸಿದವಳು ಲಕ್ಕಮ್ಮ. ಗುರುವಿನ ದರ್ಶನ, ಲಿಂಗದ ಪೂಜೆ, ಜಂಗಮದ ಆಗಮನ ಇವೆಲ್ಲವೂ ಕಾಯಕದ ಮುಂದೆ ಎರಡನೆಯವು ಎಂಬ ನಿಲುವನ್ನು ತಾಳಿದ್ದ ಶರಣನಿಗೇ ಆಕೆ ಕಾಯಕವನ್ನು ನೆನಪಿಸಬೇಕಾಯಿತು. ಮಾರಯ್ಯ ಅವಸರದಿಂದ ಅಂಗಳಕ್ಕೆ ಹೋದರು. ಅಂದು ಅಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿತ್ತು. ಬಡ ಶರಣನಿಗೆ ನೆರವಾಗಲೆಂದು ಬಸವಣ್ಣನವರೇ ಬೇಕೆಂದು ಚೆಲ್ಲಿಸಿದ್ದರೆಂದು ಪರಂಪರೆಯ ಕಥನ. ಮಾರಯ್ಯ ಸಂತೋಷದಿಂದ ಬಾಚಿ ಕಟ್ಟಿಕೊಂಡು ಮನೆಗೆ ಬಂದರು.

ಲಕ್ಕಮ್ಮ ಗಂಟನ್ನು ನೋಡಿದಳು, ಒಲೆ ಹಚ್ಚಲಿಲ್ಲ. ಅಂದಿಗೆ ಬೇಕಾದುದಕ್ಕಿಂತ ಹೆಚ್ಚಿನ ಈ ಅಕ್ಕಿ ಯಾರ ಮನಸ್ಸಿನಿಂದ ಬಂತು ಎಂದು ಪ್ರಶ್ನಿಸಿದಳು. ಕೂಡಿಡುವ ಆಸೆ ಸಿಂಹಾಸನದಲ್ಲಿ ಕೂರುವವರಿಗೆ ಒಪ್ಪಬಹುದು, ಶಿವನನ್ನು ನಂಬಿದವರಿಗೆ ಅದು ಒಪ್ಪುವುದಿಲ್ಲವೆಂಬುದು ಆಕೆಯ ವಚನದ ಭಾವ. ಹೆಚ್ಚಿನದನ್ನು ತಂದ ಜಾಗದಲ್ಲೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಮಾರಯ್ಯ ಮರುಮಾತಾಡದೆ ಹೋಗಿ ಸುರಿದು ಬಂದರು.

ಈ ಚಿಕ್ಕ ಘಟನೆಯ ಮುಂದೆ ನಿಂತು ಯೋಚಿಸಬೇಕು. ಆ ಅಕ್ಕಿ ಕಳವಿನದಲ್ಲ. ಚೆಲ್ಲಿದ್ದು, ಯಾರೂ ಕೇಳುವವರಿರಲಿಲ್ಲ. ಮೇಲಾಗಿ ಅದು ಸ್ವಂತಕ್ಕಲ್ಲ, ಜಂಗಮ ದಾಸೋಹಕ್ಕೆ. ಹೆಚ್ಚು ಅಕ್ಕಿ ಇದ್ದರೆ ಹೆಚ್ಚು ಜನರಿಗೆ ಉಣಿಸಬಹುದಿತ್ತಲ್ಲ ಎಂದು ಯಾರಿಗಾದರೂ ತೋರುವುದು ಸಹಜ. ಲಕ್ಕಮ್ಮ ಕಂಡದ್ದು ಬೇರೆ. ಕಾಯಕದ ಅಳತೆ ಮೀರಿದ ಆ ಹಿಡಿ ಅಕ್ಕಿಯಲ್ಲಿ ನಾಳೆಗಿರಲಿ ಎಂಬ ಆಸೆ ಬೆರೆತಿತ್ತು. ದೊಡ್ಡವರ ಕರುಣೆಯೂ ಬೆರೆತಿತ್ತು. ಆಸೆ ಬೆರೆತರೆ ಕಾಯಕ ಕೆಡುತ್ತದೆ. ಕರುಣೆ ಬೆರೆತರೆ ದಾಸೋಹವು ದಾನವಾಗಿಬಿಡುತ್ತದೆ. ಆಕೆ ಅಕ್ಕಿಯನ್ನು ಮರಳಿಸಿದಾಗ ಗಂಡನ ಆಸೆಯನ್ನಷ್ಟೇ ಅಲ್ಲ, ಬಸವಣ್ಣನವರ ಔದಾರ್ಯವನ್ನೂ ನಯವಾಗಿ ಮರಳಿಸಿದಳು.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಬಸವಣ್ಣನವರನ್ನೂ ಸಮಸ್ತ ಜಂಗಮರನ್ನೂ ದಾಸೋಹಕ್ಕೆ ಕರೆದು ಬರುವಂತೆ ಲಕ್ಕಮ್ಮ ಗಂಡನಿಗೆ ಹೇಳಿದಳು. ಇದ್ದ ಕೊಂಚ ಅಕ್ಕಿಯಲ್ಲೇ ಎಲ್ಲರಿಗೂ ತೃಪ್ತಿಯಾಗುವಂತೆ ನೀಡಿದಳೆಂದು ಪರಂಪರೆ ಕೊಂಡಾಡುತ್ತದೆ. ಬಡತನವೆಂಬುದು ಮನಸ್ಸಿಗೆ ಸಂಬಂಧಿಸಿದ್ದು, ಶುದ್ಧ ಮನಸ್ಸಿನ ಭಕ್ತರ ಮನೆಯಲ್ಲಿ ಅದಕ್ಕೆ ಎಡೆಯಿಲ್ಲ ಎಂಬ ಆಕೆಯ ನಂಬಿಕೆ ಆ ದಿನ ಮಹಾಮನೆಯ ಒಡೆಯರಿಗೇ ಪಾಠವಾಯಿತು.

ಕೊಟ್ಟವರನ್ನು ತಿದ್ದಿದ ಬಡವರು

ಲಕ್ಕಮ್ಮನದು ಒಂಟಿ ದನಿಯಲ್ಲ. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸೊತ್ತಿಗೆಯನ್ನು ತೊರೆದು ಬಂದು ಕಟ್ಟಿಗೆ ಹೊರೆಯನ್ನು ಮಾರಿ ದಾಸೋಹ ಮಾಡುತ್ತಿದ್ದರೆಂಬುದು ಪ್ರಸಿದ್ಧ ಐತಿಹ್ಯ. ಅವರು ಮನೆಯಲ್ಲಿಲ್ಲದಾಗ ಬಸವಣ್ಣನವರು ಮರೆವೇಷದಲ್ಲಿ ಹೋಗಿ, ಮಹಾದೇವಮ್ಮ ನೀಡಿದ ಅಂಬಲಿಯನ್ನು ಪ್ರಸಾದವಾಗಿ ಸ್ವೀಕರಿಸಿ, ಯಾರಿಗೂ ತಿಳಿಯದಂತೆ ಹೊನ್ನಿನ ಗಂಟನ್ನು ಇಟ್ಟು ಬಂದರು. ಮಾರಯ್ಯ ಅದನ್ನು ತಮ್ಮದೆಂದು ಇಟ್ಟುಕೊಳ್ಳಲಿಲ್ಲ, ಜಂಗಮರಿಗೆ ಸಲ್ಲಿಸಿಬಿಟ್ಟರು. ಕೊಡಬಲ್ಲೆನೆಂಬ ಭಾವ ತಮ್ಮೊಳಗೆ ಎಲ್ಲೋ ಉಳಿದಿತ್ತೆಂದು ಅರಿತ ಬಸವಣ್ಣನವರು ಆ ಶರಣರ ಮುಂದೆ ಬಾಗಿದರು.

ನುಲಿಯ ಚಂದಯ್ಯನವರದು ಇನ್ನೂ ಕಠಿಣವಾದ ನಿಷ್ಠೆ. ಕೆರೆಯಲ್ಲಿ ಹುಲ್ಲು ಕೊಯ್ದು, ಹೊಸೆದು, ಹಗ್ಗ ಮಾಡಿ ಮಾರಿ, ಬಂದ ಹಣದಲ್ಲಿ ದಾಸೋಹ ಮಾಡುವುದು ಅವರ ಕಾಯಕ. ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲ. ಹಿಂದೆ ಬಂದ ಲಿಂಗಯ್ಯನಿಗೇ ಹಗ್ಗ ಮಾರುವ ಕೆಲಸವನ್ನು ಒಪ್ಪಿಸಿದರೆಂದೂ, ಸಲ್ಲುವ ಬೆಲೆಗಿಂತ ಹೆಚ್ಚು ಹಣ ಬಂದಾಗ ಅದನ್ನು ಒಪ್ಪಲಿಲ್ಲವೆಂದೂ ಶರಣರ ಚರಿತೆ ಹೇಳುತ್ತದೆ.

ಮೂರೂ ಪ್ರಸಂಗಗಳನ್ನು ಒಟ್ಟಿಗೆ ನೋಡಿದಾಗ ದಾಸೋಹದ ಇತಿಹಾಸದ ತಿರುಳು ಕಾಣುತ್ತದೆ. ಮೂರರಲ್ಲೂ ಎಲ್ಲಿಂದಲೋ ಹೆಚ್ಚಿನದು ಬರುತ್ತದೆ, ಮೂರರಲ್ಲೂ ಅಂಗಳದ ಕಾಳು ಆಯುವವರು, ಕಟ್ಟಿಗೆ ಹೊರುವವರು, ಹಗ್ಗ ಹೊಸೆಯುವವರು ಅದನ್ನು ಒಲ್ಲೆನೆನ್ನುತ್ತಾರೆ. ದಾಸೋಹದ ಅಳತೆಗೋಲು ಕೊಡುವವನ ಕೈಯಲ್ಲಿರಲಿಲ್ಲ. ಕಲ್ಯಾಣದ ಹಿರಿಮೆಯೆಂದರೆ, ಹಾಗೆ ತಿದ್ದಿಸಿಕೊಳ್ಳಲು ಅಲ್ಲಿನ ಅತ್ಯಂತ ದೊಡ್ಡ ದಾಸೋಹಿ ಸಿದ್ಧರಿದ್ದರು.

ಕಲ್ಯಾಣದಿಂದ ಕಲಬುರಗಿಗೆ

ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಅವರು ಹೊತ್ತು ನಡೆದದ್ದು ವಚನಗಳ ಓಲೆಗಳನ್ನಷ್ಟೇ ಅಲ್ಲ, ದಾಸೋಹದ ಪದ್ಧತಿಯನ್ನೂ. ಮುಂದೆ ವಿಜಯನಗರದ ಕಾಲದಲ್ಲಿ ವಿರಕ್ತರು ವಚನಗಳನ್ನು ಸಂಕಲಿಸಿ ಸಂರಕ್ಷಿಸಿದರು. ಮಠಗಳು ನೆಲೆಗೊಂಡಂತೆ ಓದುವ ಕೋಣೆಯ ಪಕ್ಕದಲ್ಲೇ ಉಗ್ರಾಣವೂ ಒಲೆಯೂ ನೆಲೆಗೊಂಡವು.

ಆ ಪರಂಪರೆ ಒಬ್ಬ ಒಕ್ಕಲಿಗನ ಹೊಲದಲ್ಲಿ ಮತ್ತೆ ಪ್ರಕಟವಾಯಿತು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಜನಿಸಿದ ಶರಣಬಸವೇಶ್ವರರು ಬೇಸಾಯದ ಕಾಯಕದಲ್ಲಿದ್ದವರು. ಬೆಳೆಗೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ತಿನ್ನಲು ಬಿಟ್ಟು, ಕುಡಿಯಲು ನೀರನ್ನೂ ಇರಿಸುತ್ತಿದ್ದರೆಂಬ ಕಥೆ ಕಲಬುರಗಿ ಸೀಮೆಯ ಮನೆಮನೆಯಲ್ಲೂ ಇದೆ. ಮುಂದೆ ಅವರು ಕಲಬುರಗಿಯಲ್ಲಿ ನೆಲೆಸಿ ದಾಸೋಹವನ್ನೇ ಬದುಕಾಗಿಸಿಕೊಂಡು 1822ರಲ್ಲಿ ಲಿಂಗೈಕ್ಯರಾದರು. ಜನರು ಅವರಿಗೆ ಕೊಟ್ಟ ಬಿರುದು ಪಂಡಿತನೆಂದೂ ಅಲ್ಲ, ಜಗದ್ಗುರುವೆಂದೂ ಅಲ್ಲ, ಮಹಾದಾಸೋಹಿ ಎಂದು.

ಸಿದ್ಧಗಂಗೆಯ ಪಂಕ್ತಿ

20ನೆಯ ಶತಮಾನದಲ್ಲಿ ಹಸಿವಿನ ಜೊತೆಗೆ ಅಕ್ಷರದ ಹಸಿವೂ ಸೇರಿತು. ಹಳ್ಳಿಯ ಬಡಮಕ್ಕಳು ಪಟ್ಟಣಕ್ಕೆ ಓದಲು ಬಂದರೆ ಊಟ, ವಸತಿಗೆ ದಿಕ್ಕಿರಲಿಲ್ಲ. ಆಗ ಮಠಗಳು ಉಚಿತ ಪ್ರಸಾದ ನಿಲಯಗಳನ್ನು ತೆರೆದವು. ಸುತ್ತೂರು ಮಠದ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿಗಳಿಗಾಗಿ ಅಂತಹ ನಿಲಯವನ್ನು ಆರಂಭಿಸಿದರು. ಅದೇ ವರ್ಷ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶ್ರೀ ಉದ್ದಾನ ಶಿವಯೋಗಿಗಳು ಲಿಂಗೈಕ್ಯರಾಗಿ, ಮಠದ ಸಂಪೂರ್ಣ ಹೊಣೆ ಶ್ರೀ ಶಿವಕುಮಾರ ಸ್ವಾಮಿಗಳ ಹೆಗಲಿಗೆ ಬಂತು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಜನಿಸಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿದ್ದ ಸ್ವಾಮಿಗಳು ಅವರು.

ಅದು ಎರಡನೆಯ ಮಹಾಯುದ್ಧದ ಕಾಲ. ಧಾನ್ಯದ ಅಭಾವ ಎಲ್ಲೆಡೆ ಇತ್ತು. ಪೂಜ್ಯರು ಹಳ್ಳಿ ಹಳ್ಳಿಗೆ ಹೋಗಿ ಭಕ್ತರ ಮುಂದೆ ಜೋಳಿಗೆ ಹಿಡಿದರು. ರೈತರು ಕಣದ ರಾಗಿಯನ್ನು, ತೋಟದ ತೆಂಗಿನಕಾಯಿಯನ್ನು, ತರಕಾರಿಯನ್ನು ತಂದು ಒಪ್ಪಿಸಿದರು. ಹೀಗೆ ರೈತರ ಕಾಯಕವೇ ಮಠದ ದಾಸೋಹವಾಯಿತು. ರಾಗಿ ಮುದ್ದೆ, ಅನ್ನ, ಸಾರು ಇಷ್ಟನ್ನೇ ನಂಬಿ ಬೆಳೆದ ಆ ನಿಲಯದಲ್ಲಿ ಮುಂದೆ ಏಕಕಾಲಕ್ಕೆ ಸುಮಾರು 10,000 ಮಕ್ಕಳು ಉಂಡು ಓದುವಂತಾಯಿತು. ಜಾತಿ ಮತಗಳನ್ನು ಕೇಳದೆ ಎಲ್ಲ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಲಾಯಿತು. ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವೆಂದು ನಾಡು ಅದನ್ನು ಕರೆಯಿತು. ದರ್ಶನಕ್ಕೆ ಬಂದವರು ಯಾರೇ ಆಗಿರಲಿ, ಮೊದಲು ಪ್ರಸಾದ ಸ್ವೀಕರಿಸುವಂತೆ ಹೇಳುವುದು ಪೂಜ್ಯರ ರೂಢಿಯಾಗಿತ್ತು.

ಆ ನಿಲಯದಲ್ಲಿ ಮಕ್ಕಳು ಕೇವಲ ಉಣ್ಣುವವರಾಗಿರಲಿಲ್ಲ. ಬಡಿಸುವುದು, ಶುಚಿಗೊಳಿಸುವುದು, ಸಣ್ಣಪುಟ್ಟ ಕೆಲಸಗಳಿಗೆ ಕೈಜೋಡಿಸುವುದು ಅವರ ದಿನಚರಿಯ ಭಾಗವಾಗಿತ್ತು. ಇಂದು ಎಲೆಯ ಮುಂದೆ ಕೂತ ಬಾಲಕ ನಾಳೆ ಸೌಟು ಹಿಡಿದು ನಿಲ್ಲುತ್ತಾನೆ. ಕೊಡುವವ, ಪಡೆಯುವವ ಎಂಬ ಭೇದ ಅಳಿಯುವುದಕ್ಕೆ ಇದಕ್ಕಿಂತ ಸರಳವಾದ ದಾರಿ ಬೇರೊಂದಿಲ್ಲ.

2019ರ ಜನವರಿ 21ರಂದು, 111 ವರ್ಷಗಳ ತುಂಬು ಬದುಕನ್ನು ಮುಗಿಸಿ ಪೂಜ್ಯರು ಲಿಂಗೈಕ್ಯರಾದರು. ಅಂದು ನಡೆದದ್ದನ್ನು ನಾಡು ಮರೆತಿಲ್ಲ. ಮಧ್ಯಾಹ್ನಕ್ಕೆ ಮುನ್ನವೇ ಅವರ ಉಸಿರು ನಿಂತಿತ್ತು. ಆದರೆ ಮಕ್ಕಳ ಪ್ರಸಾದ ಮುಗಿಯುವವರೆಗೆ ಸುದ್ದಿಯನ್ನು ತಿಳಿಸಬಾರದೆಂಬುದು ಅವರ ಇಚ್ಛೆಯಾಗಿತ್ತು. ಸುದ್ದಿ ಕೇಳಿದರೆ ಮಕ್ಕಳು ತುತ್ತು ಬಿಟ್ಟು ಏಳುತ್ತಾರೆಂದು ಅವರಿಗೆ ಗೊತ್ತಿತ್ತು. ಹಾಗೆಯೇ ಮಕ್ಕಳು ಉಂಡೆದ್ದ ಮೇಲೆ ನಾಡಿಗೆ ಸುದ್ದಿ ತಿಳಿಯಿತು. ಮರುದಿನ ಅಂತಿಮ ದರ್ಶನಕ್ಕೆ ಬಂದ ಲಕ್ಷಾಂತರ ಜನರಿಗೂ ಪ್ರಸಾದ ನಿಲ್ಲಲಿಲ್ಲ. ತನ್ನ ಮರಣವೂ ಒಂದು ಮಗುವಿನ ತುತ್ತಿಗೆ ಅಡ್ಡಿಯಾಗಬಾರದೆಂದು ಬಯಸುವುದು ದಾಸೋಹಂ ಭಾವದ ಕೊನೆಯ ಮೆಟ್ಟಿಲು. ಕಾಯಕದ ಹೊತ್ತು ಮೀರಬಾರದೆಂದು ಗಂಡನನ್ನು ಎಚ್ಚರಿಸಿದ ಲಕ್ಕಮ್ಮನ ಮಾತು ಎಂಟು ಶತಮಾನಗಳ ನಂತರ ಆ ಮಧ್ಯಾಹ್ನ ಮತ್ತೊಮ್ಮೆ ಆಚರಣೆಗೆ ಬಂತು.

ಹೆಸರಿಲ್ಲದ ರೊಟ್ಟಿ

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹದಲ್ಲಿ ಈ ಪರಂಪರೆಯ ಇನ್ನೊಂದು ಮುಖ ಕಾಣುತ್ತದೆ. ಜಾತ್ರೆಗೆ ಮುನ್ನ ಸುತ್ತಲ ಹಳ್ಳಿಗಳ ತಾಯಂದಿರು ಒಟ್ಟಾಗಿ ಕೂತು ಜೋಳದ ರೊಟ್ಟಿ ತಟ್ಟುತ್ತಾರೆ. ಕಟಕಟಿಯಾಗುವಂತೆ ಒಣಗಿಸಿದ ರೊಟ್ಟಿಗಳು ಚಕ್ಕಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಮೆರವಣಿಗೆಯಾಗಿ ಮಠಕ್ಕೆ ಬರುತ್ತವೆ. ಜೊತೆಗೆ ಕಾಳುಕಡಿ, ಬೆಲ್ಲ, ಮಾದಲಿ. ಲಕ್ಷ ಲಕ್ಷ ರೊಟ್ಟಿಗಳು ಒಂದೇ ಕಡೆ ರಾಶಿಯಾಗುತ್ತವೆ. ಆ ರಾಶಿಗೆ ಸೇರಿದ ಮೇಲೆ ಯಾವ ರೊಟ್ಟಿ ಯಾವ ಊರಿನದು, ಯಾವ ಕುಲದವರ ಮನೆಯದು, ಸಿರಿವಂತರದೋ ಬಡವರದೋ ಎಂದು ಹೇಳಬಲ್ಲವರಿಲ್ಲ. ತಟ್ಟಿದ ತಾಯಿಗೆ ತಿಂದವರು ಯಾರೆಂದು ತಿಳಿಯದು. ತಿಂದವರಿಗೆ ತಟ್ಟಿದವಳು ಯಾರೆಂದು ತಿಳಿಯದು. ಶಾಸನ ಬರೆಸಿ ದಾನ ಕೊಡುವ ಪದ್ಧತಿಗೆ ಶರಣರು ಕೊಟ್ಟ ಉತ್ತರ ಆ ರಾಶಿಯಲ್ಲಿದೆ.

ಸೌಟು ಹಿಡಿಯುವವರಿಗೆ

ಹೀಗೆ ಅಂಗಳದ ಕಾಳಿನಿಂದ ರೊಟ್ಟಿಯ ರಾಶಿಯವರೆಗೆ ನಡೆದು ಬಂದ ದಾಸೋಹವು ಇಂದಿನ ಭಕ್ತರ ಕೈಯಲ್ಲಿದೆ. ಕಾಲ ಬದಲಾಗಿದೆ. ಬಡಿಸುವ ಕೈಗಿಂತ ಬಡಿಸುವ ಭಾವಚಿತ್ರ ಮುಂದಾಗುವುದುಂಟು. ಗಣ್ಯರು ಬಂದಾಗ ಪಂಕ್ತಿ ಎರಡಾಗುವುದುಂಟು. ತುಂಬು ಮನಸ್ಸಿನಿಂದಲೇ ಬಡಿಸಿದರೂ ಕೇಳದೆ ಬಡಿಸಿದ ಅನ್ನವು ಎಲೆಯಲ್ಲಿ ಉಳಿದು ಕಸಕ್ಕೆ ಸೇರುವುದುಂಟು. ಇವು ಯಾವುದೋ ಒಂದು ಊರಿನ ದೋಷಗಳಲ್ಲ. ಹೆಚ್ಚಿನದನ್ನು ಕಂಡಾಗ ಮನಸ್ಸು ಸಡಿಲವಾಗುವ ಹಳೆಯ ದೌರ್ಬಲ್ಯವೇ ಹೊಸ ರೂಪದಲ್ಲಿ ಬಂದಿದೆ.

ಇದಕ್ಕೆ ಮದ್ದು ಲಕ್ಕಮ್ಮನ ಅಂಗಳದಲ್ಲೇ ಇದೆ. ಅಕ್ಕಿ ಅಳೆಯುವವರು ಅಂದಿಗೆ ಬೇಕಾದಷ್ಟನ್ನೇ ಅಳೆಯಬೇಕು. ಬಡಿಸುವವರು ಉಣ್ಣುವವರ ಮುಖ ನೋಡಿ, ಕೇಳಿ, ಬಗ್ಗಿ ಬಡಿಸಬೇಕು. ಎಲೆ ತೆಗೆಯುವ ಕೆಲಸವು ಬಡಿಸುವ ಕೆಲಸಕ್ಕಿಂತ ಕೀಳೆಂದು ತಿಳಿಯಬಾರದು. ಉಗ್ರಾಣದ ಲೆಕ್ಕ ಕೇಳಿದವರಿಗೆ ಮುಖ ಗಂಟಿಕ್ಕಬಾರದು. ಎಲ್ಲರೂ ಉಂಡ ಮೇಲೆ ಅದೇ ನೆಲದಲ್ಲಿ, ಅದೇ ಪ್ರಸಾದವನ್ನು, ಅಡುಗೆ ಮಾಡಿದವರೂ ಕಸ ಹೊಡೆದವರೂ ಜೊತೆಗೆ ಕೂತು ಸ್ವೀಕರಿಸಬೇಕು. ಇಷ್ಟು ನಡೆದಲ್ಲಿ ಮಹಾಮನೆ ಮತ್ತೆ ತೆರೆದಂತೆ.

ದಾಸೋಹ ಮನೆಗೆ ಹೆಜ್ಜೆಯಿಡುವ ಪ್ರತಿಯೊಬ್ಬ ಭಕ್ತರೂ ಒಂದು ಕ್ಷಣ ಆ ತಾಯಿಯನ್ನು ನೆನೆಯಲಿ. ಗಂಟಿನಲ್ಲಿ ಒಂದು ಹಿಡಿ ಹೆಚ್ಚಾಗಿದ್ದರೆ, ಅದು ಅಕ್ಕಿಯಾಗಿರಲಿ, ಹೆಸರಿನ ಹಂಬಲವಾಗಿರಲಿ, ನಾನು ಉಣಿಸಿದೆನೆಂಬ ಹೆಮ್ಮೆಯಾಗಿರಲಿ, ಅದನ್ನು ಅಂಗಳದಲ್ಲೇ ಸುರಿದು ಒಳಗೆ ಹೋಗಲಿ. ಉಳಿದದ್ದು ಕೊಂಚವೇ ಆದರೂ ಎಲ್ಲರಿಗೂ ಸಾಲುತ್ತದೆ.